ಮೂವತ್ತು ಗೇಟು ಮಾರಿಕೊಳ್ಳಿ, ಎರಡನ್ನು ನಮಗೆ ಬಿಡಿ

ತುಂಗಭದ್ರಾ ಡ್ಯಾಮಿನಲ್ಲಿ ಇದ್ದದ್ದು 33 ಗೇಟು. 19ನೇದು 2024ರ ಆಗಸ್ಟ್ 10ರ ರಾತ್ರಿ ಹೊಳೆ ಪಾಲಾಯಿತು. ಉಳಿದ 32 ಹಳೇ ಗೇಟು ತೆಗೆದು ಹೊಸವು ಕೂರಿಸಬೇಕು ಎಂಬ ಕಾರಣಕ್ಕೇ ಈ ಸಲ ನಮಗೆ ಎರಡನೇ ಬೆಳೆಗೆ ನೀರು ಬಿಡಲಿಲ್ಲ. ಹೊಸ ಗೇಟಿನ ಸುದ್ದಿ ದಿನಾ ಬರುತ್ತದೆ. ಎಷ್ಟು ಬಂದವು, ಎಷ್ಟು ಕೂತವು, ಮಳೆಗಾಲದೊಳಗೆ ಮುಗಿದೀತೋ ಇಲ್ಲವೋ ಎಂದು ಎಲ್ಲರೂ ಕೇಳುತ್ತಾರೆ. ತೆಗೆದ ಹಳೇ ಗೇಟು ಎಲ್ಲಿಗೆ ಹೋಗುತ್ತವೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಹಳೇ ಕಬ್ಬಿಣ ಹೋಗುವ ದಾರಿ ಒಂದೇ. ಕತ್ತರಿಸು, ತೂಕ ಹಾಕು, ಹರಾಜು ಮಾಡು, ಲಾರಿಗೆ ತುಂಬು. ನಮ್ಮ ಬೇಡಿಕೆ ಇಷ್ಟು: 30 ಗೇಟು ಬೇಕಾದರೆ ಮಾರಿಕೊಳ್ಳಿ. ಎರಡನ್ನು ಇಡಿಯಾಗಿ ಉಳಿಸಿ. ಒಂದು ಹೊಸಪೇಟೆಯಲ್ಲಿ ನಿಲ್ಲಲಿ, ಇನ್ನೊಂದು ನಮ್ಮ ಎಡದಂಡೆ ಕಡೆ, ಮುನಿರಾಬಾದಿನಲ್ಲಿ. ಜೊತೆಗೆ ಆ ಚೈನು. ತುಂಡಾದ ಚೈನನ್ನು ಮಾತ್ರ ಯಾವ ಕಾರಣಕ್ಕೂ ಮಾರಬಾರದು.

ಪೋತ್ನಾಳದ ಹೊಟೇಲ್ ಕಟ್ಟೆ ಮೇಲೆ ಈ ಮಾತು ಎತ್ತಿದರೆ ಮೊದಲು ಬರುವ ಉತ್ತರ ನಮಗೆ ಗೊತ್ತು. "ಬೆಳಿ ಇಲ್ಲ, ಸಾಲದ ಬಡ್ಡಿ ಮಾತ್ರ ಬೆಳ್ಯಾಕತ್ತೈತಿ. ಇಂಥಾದ್ರಾಗ ತುಕ್ಕು ಹಿಡಿದ ಕಬ್ಬಿಣ ನಿಲ್ಲಸ್ರಿ ಅಂತೀರಲ್ಲ, ಏನ್ ಹೊಟ್ಟಿ ತುಂಬತೈತಿ?" ಈ ಪ್ರಶ್ನೆ ಹಗುರದ್ದಲ್ಲ. ಇದಕ್ಕೆ ಉತ್ತರ ಕೊಡದೆ ಸ್ಮಾರಕದ ಮಾತು ಆಡುವ ಹಕ್ಕು ಯಾರಿಗೂ ಇಲ್ಲ. ಆದರೆ ಉತ್ತರಕ್ಕೆ ಮೊದಲು ಆ ಕಬ್ಬಿಣ ಏನು ಎಂದು ಸ್ವಲ್ಪ ನೋಡೋಣ.

ಡ್ಯಾಮಿನ ಒಂದೊಂದು ಗೇಟು 60 ಅಡಿ ಅಗಲ, 20 ಅಡಿ ಎತ್ತರ. ನಮ್ಮೂರಿನ ಸಾಧಾರಣ ಮನೆ ಎರಡನ್ನು ಒಂದರ ಪಕ್ಕ ಒಂದು ನಿಲ್ಲಿಸಿದರೂ ಆ ಗೇಟಿನ ಹಿಂದೆ ಕಾಣುವುದಿಲ್ಲ. ಡ್ಯಾಮ್ ತುಂಬಿದಾಗ ನೀರಿನ ಮಟ್ಟ 1,633 ಅಡಿ. ಗೇಟು ಕೂತಿರುವ ಕಲ್ಲಿನ ಗೋಡೆ ಮುಗಿಯುವುದು 1,613 ಅಡಿಗೆ. ನಡುವಿನ ಇಪ್ಪತ್ತು ಅಡಿ ನೀರನ್ನು ಹಿಡಿಯುವುದು ಈ ಉಕ್ಕಿನ ಹಲಗೆಗಳೇ. ಡ್ಯಾಮಿನಲ್ಲಿ ನಿಲ್ಲುವ ನೀರಿನ ಅರ್ಧಕ್ಕಿಂತ ಹೆಚ್ಚು ಪಾಲು ಆ ಇಪ್ಪತ್ತು ಅಡಿಯಲ್ಲಿದೆ. ಮೇಲೆ ಹೋದಂತೆ ಹಿನ್ನೀರು ಹರಡಿಕೊಳ್ಳುತ್ತದಲ್ಲ, ಅದಕ್ಕೆ. ಅಂದರೆ ಪೋತ್ನಾಳದ ಗದ್ದೆಗೆ ಬರುವ ನೀರು ನಿಂತದ್ದು ಬರೀ ಕಲ್ಲುಗೋಡೆಯ ಮೇಲಲ್ಲ. ಈ ಗೇಟುಗಳ ಮೇಲೆ, ಗೇಟು ಹಿಡಿದ ಚೈನುಗಳ ಮೇಲೆ.

ಆ ರಾತ್ರಿ 11 ಗಂಟೆ ಸುಮಾರಿಗೆ 19ನೇ ಗೇಟಿನ ಚೈನು ಕಡಿಯಿತು. ಡ್ಯಾಮ್ ತುಂಬಿ ತುಳುಕುತ್ತಿದ್ದ ಹೊತ್ತು. ಆ ಒಂದು ಕಿಂಡಿಯಿಂದಲೇ 35 ಸಾವಿರ ಕ್ಯೂಸೆಕ್ ನೀರು ನುಗ್ಗಿತು. ಲೆಕ್ಕ ಹಾಕಿದರೆ ದಿನಕ್ಕೆ ಮೂರು ಟಿಎಂಸಿ. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಆಗ ತಾನೇ ನಾಟಿ ಮುಗಿಸಿದ್ದ ನಮ್ಮ ಕಡೆಯವರೆಲ್ಲ ಮೊಬೈಲಿನಲ್ಲಿ ಆ ವಿಡಿಯೊ ನೋಡುತ್ತ ಕೂತದ್ದು ಯಾರಿಗೂ ಮರೆತಿರಲಾರದು.

ಆಮೇಲೆ ನಡೆದದ್ದು ನಿಜಕ್ಕೂ ದೊಡ್ಡ ಕೆಲಸ. ಗೇಟು ಕೂರಿಸಬೇಕಾದರೆ ನೀರು ಇಳಿಯಬೇಕು, ಇಳಿಸಿದರೆ ಬೆಳೆ ಹೋಗುತ್ತದೆ. ನಿವೃತ್ತ ಎಂಜಿನಿಯರ್ ಕನ್ನಯ್ಯ ನಾಯ್ಡು ಹರಿಯುವ ನೀರಿನಲ್ಲೇ ಕೂರಿಸೋಣ ಎಂದರು. ಅರವತ್ತು ಅಡಿ ಅಗಲ, ನಾಲ್ಕಡಿ ಎತ್ತರದ ಐದು ತುಂಡು ಉಕ್ಕಿನ ಹಲಗೆ, ಸ್ಟಾಪ್‌ಲಾಗ್ ಎನ್ನುತ್ತಾರೆ, ತೋರಣಗಲ್ಲಿನ ಜಿಂದಾಲ್‌ನಲ್ಲಿ ಮತ್ತು ಹೊಸಪೇಟೆ ಸುತ್ತಿನ ವರ್ಕ್‌ಶಾಪುಗಳಲ್ಲಿ ಹಗಲು ರಾತ್ರಿ ತಯಾರಾದವು. ಆಗಸ್ಟ್ 16ರಂದು ಮೊದಲ ತುಂಡು ಕೂತಿತು. ಸೆಪ್ಟೆಂಬರ್ ಹೊತ್ತಿಗೆ ಮಳೆಯೂ ಕೈಹಿಡಿದು ಡ್ಯಾಮ್ ಮತ್ತೆ ತುಂಬಿತು. ಆ ವರ್ಷದ ಬೆಳೆ ಉಳಿಯಿತು. ಬಾಗಿನ ಬಿಟ್ಟರು, ಸನ್ಮಾನ ಮಾಡಿದರು, ಎಲ್ಲರೂ ಮನೆಗೆ ಹೋದರು.

ಬಿಲ್ಲು ಬಂದದ್ದು ಮರುವರ್ಷ. ಪರೀಕ್ಷೆ ಮಾಡಿದಾಗ ಉಳಿದ ಗೇಟುಗಳೂ ತುಕ್ಕು ತಿಂದು ತೆಳುವಾಗಿವೆ, ಎಲ್ಲವನ್ನೂ ಬದಲಿಸಬೇಕು ಎಂದಾಯಿತು. 2025ರ ಮಳೆಗಾಲದಲ್ಲಿ ಒಳ್ಳೆ ನೀರು ಬಂದರೂ 80 ಟಿಎಂಸಿ ಆಸುಪಾಸಿಗಿಂತ ಹೆಚ್ಚು ನಿಲ್ಲಿಸಲಿಲ್ಲ. ಏಳು ಗೇಟು ಎತ್ತಲೂ ಬಾರದ ಸ್ಥಿತಿಯಲ್ಲಿವೆ ಎಂಬ ಮಾತು ಅದೇ ಆಗಸ್ಟ್‌ನಲ್ಲಿ ಹೊರಗೆ ಬಂತು. ನವೆಂಬರ್‌ನ ಐಸಿಸಿ ಸಭೆಯಲ್ಲಿ ಎರಡನೇ ಬೆಳೆಗೆ ನೀರಿಲ್ಲ ಎಂದು ತೀರ್ಮಾನವಾಯಿತು. ತುಂಬಿದ ಹೊಳೆ ಕಣ್ಣೆದುರಿಗೇ ಹರಿದುಹೋದ ವರ್ಷದಲ್ಲೇ ನಮ್ಮ ಗದ್ದೆ ಒಣಗಿದ್ದು. ಬರಗಾಲ ಬಂದು ಒಣಗಿದ್ದರೆ ಮಳೆರಾಯನನ್ನು ಬೈದು ಸುಮ್ಮನಾಗಬಹುದಿತ್ತು.

ಎರಡನೇ ಬೆಳೆ ಹೋದರೆ ಇಲ್ಲಿ ಏನೇನು ಹೋಗುತ್ತದೆ ಎಂದು ಬೆಂಗಳೂರಿನವರಿಗೆ ಹೇಳಿದರೆ ಅರ್ಥವಾಗುವುದು ಕಷ್ಟ. ಹೊಲ ಇದ್ದವನಿಗೆ ಒಂದು ಬೆಳೆ ಹೋಯಿತು. ಲೀಸಿಗೆ ಮಾಡಿದವನಿಗೆ ಹೊಲದವನಿಗೆ ಕೊಡಬೇಕಾದದ್ದು ಹಾಗೇ ಉಳಿಯಿತು. ನಾಟಿ ಹಚ್ಚುವ ಹೆಣ್ಣುಮಕ್ಕಳಿಗೆ ಕೂಲಿ ಇಲ್ಲ. ಟ್ರ್ಯಾಕ್ಟರ್ ಕಂತು ಕಟ್ಟುವವನಿಗೆ ಬಾಡಿಗೆ ಇಲ್ಲ. ರೈಸ್‌ಮಿಲ್ಲಿನ ಹಮಾಲರಿಗೆ ಚೀಲ ಇಲ್ಲ. ದನಕ್ಕೆ ನೆಲ್ಲುಹುಲ್ಲು ಇಲ್ಲ. ಗೊಬ್ಬರದ ಅಂಗಡಿಯ ಉದ್ದರಿ ಪುಸ್ತಕ ಮಾತ್ರ ದಪ್ಪಗಾಗುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಚೀಲ ಗಂಟು ಹಿಡಿದು ಗುಳೆ ಹೊರಟವರನ್ನು ನೋಡಿದರೆ ಡ್ಯಾಮಿನ ಗೇಟಿಗೂ ನಮಗೂ ಏನು ಸಂಬಂಧ ಎಂದು ಯಾರೂ ಕೇಳುವುದಿಲ್ಲ.

ಈಗ ಆ ಹೊಟೇಲ್ ಕಟ್ಟೆಯ ಪ್ರಶ್ನೆಗೆ ಬರೋಣ. ಕಬ್ಬಿಣ ನಿಲ್ಲಿಸಿದರೆ ಹೊಟ್ಟೆ ತುಂಬುತ್ತದೆಯೇ?

ಇದಕ್ಕೆ ದೇವದುರ್ಗದ ಓದುಗರಿಗೆ ನಾವು ಒಂದು ಮರುಪ್ರಶ್ನೆ ಕೇಳುತ್ತೇವೆ. ನಿಮ್ಮ ಹೊಲಕ್ಕೆ ನೀರು ಕೊಡುವ ನಾರಾಯಣಪುರ ಡ್ಯಾಮಿನ ಒಂದು ಗೇಟು 2005ರಲ್ಲಿ ಹೀಗೇ ಕೊಚ್ಚಿಹೋಗಿತ್ತು. ನೆನಪಿದೆಯೇ? ಮೂವತ್ತರ ಕೆಳಗಿನವರಿಗೆ ಗೊತ್ತೇ ಇಲ್ಲ. ದೊಡ್ಡವರಿಗೆ ಏನೋ ಆಗಿತ್ತು ಎಂದಷ್ಟೇ ನೆನಪು. ನಾಲೆ ದಂಡೆಯ ಮೇಲೆ ಓಡಾಡುವ ರೈತನ ಕಣ್ಣಿಗೆ ಬೀಳುವಂಥ ಒಂದು ಗುರುತೂ ಅದರದ್ದು ಇಲ್ಲ. ಪಕ್ಕದ ಆಂಧ್ರದ ಪುಲಿಚಿಂತಲ ಡ್ಯಾಮಿನಲ್ಲಿ 2021ರ ಆಗಸ್ಟ್‌ನಲ್ಲಿ 16ನೇ ಗೇಟು ಹೋಯಿತು. ಅದೂ ಎರಡು ದಿನದ ಸುದ್ದಿ. ನಾರಾಯಣಪುರದ ಗೇಟು ಹೋದ ಮರುದಿನವೇ ರಾಯಚೂರು ಜಿಲ್ಲೆಯ ರೈತರೆಲ್ಲ ಮುನಿರಾಬಾದಿಗೆ ಹೋಗಿ, "ನಮ್ಮ ಚೈನು ಯಾವಾಗ ಪರೀಕ್ಷೆ ಮಾಡಿದ್ದು, ಕಾಗದ ತೋರಿಸ್ರಿ" ಎಂದು ಕೂತಿದ್ದರೆ? ಹತ್ತೊಂಬತ್ತು ವರ್ಷ ಸಮಯವಿತ್ತು.

ನಮ್ಮ ಕಡೆ ನೀರಿನ ಹೋರಾಟ ಕಡಿಮೆಯಾದದ್ದಲ್ಲ. ಮುನಿರಾಬಾದಿನಿಂದ ಹೊರಟ ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ನಮಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ಒಟ್ಟು ಉದ್ದ 227 ಕಿಲೋಮೀಟರ್. ಮಾನ್ವಿ, ಸಿರವಾರ, ರಾಯಚೂರಿನವರು ಕೊನೆ ಭಾಗದವರು. ಮೈಲ್ 69ರಲ್ಲಿ ಗೇಜ್ ಎಷ್ಟು, 104ರಲ್ಲಿ ಎಷ್ಟು ಎಂಬುದು ಇಲ್ಲಿ ಹತ್ತನೇ ಕ್ಲಾಸು ಫೇಲಾದವನಿಗೂ ಬಾಯಿಪಾಠ. ಗೇಜ್ ಇಳಿದರೆ ರಸ್ತೆ ತಡೆ, ಏರಿದರೆ ಮನೆಗೆ. ಇಷ್ಟೆಲ್ಲ ಹೋರಾಟ ನಡೆದದ್ದು ಕಾಲುವೆಯ ನೀರಿಗಾಗಿ. ಡ್ಯಾಮಿನ ಉಕ್ಕಿನ ಬಗ್ಗೆ ಒಂದು ಘೋಷಣೆಯೂ ಕೇಳಿಬಂದಿರಲಿಲ್ಲ. ಯಾಕೆಂದರೆ ಅದು ಕಾಣುತ್ತಿರಲಿಲ್ಲ. ಡ್ಯಾಮ್ ನೋಡಲು ಹೋದವರು ದೂರದಿಂದ ಸಾಲಾಗಿ ಕಾಣುವ ಗೇಟು, ಬಣ್ಣದ ಲೈಟು, ಬಿಳಿ ನೊರೆ ನೋಡಿ ಫೋಟೊ ತೆಗೆದು ಬಂದರು. ತುಕ್ಕು ಮುಟ್ಟಿ ನೋಡುವಷ್ಟು ಹತ್ತಿರ ರೈತನನ್ನು ಯಾರೂ ಬಿಡುವುದಿಲ್ಲ, ಬಿಡಲೂ ಆಗದು.

ಈಗ ಮೊದಲ ಸಲ ಆ ಗೇಟುಗಳು ನೆಲದ ಮೇಲೆ ಇವೆ. ಮಕ್ಕಳು ಹೋಗಿ ಕೈಯಿಂದ ಸವರಿ ನೋಡಬಹುದು. ಎಲ್ಲಿ ತೆಳುವಾಗಿದೆ, ಎಲ್ಲಿ ತೂತು ಬಿದ್ದಿದೆ ಕಾಣುತ್ತದೆ. ಅದನ್ನು ನೋಡಿದ ರೈತ ಮುಂದಿನ ಐಸಿಸಿ ಸಭೆಯ ಹೊತ್ತಿಗೆ ನೀರಿನ ಜೊತೆ ನಿರ್ವಹಣೆಯ ಲೆಕ್ಕವನ್ನೂ ಕೇಳುತ್ತಾನೆ. ಹೊಟ್ಟೆಗೂ ಈ ಕಬ್ಬಿಣಕ್ಕೂ ಇರುವ ಸಂಬಂಧ ಅದು. ಹೊಸ ಗೇಟೂ ಉಕ್ಕಿನವೇ. ಅವುಗಳಿಗೂ ನಾಳೆ ತುಕ್ಕು ಹಿಡಿಯುತ್ತದೆ.

ಇನ್ನು ಹೊಸಪೇಟೆಯೇ ಯಾಕೆ ಎಂಬ ಮಾತು. ಇದು ಅನೇಕರಿಗೆ ಗೊತ್ತಿಲ್ಲದ ಕಥೆ.

ಡ್ಯಾಮಿಗೆ ಅಡಿಗಲ್ಲು ಬಿದ್ದದ್ದು 1945ರ ಫೆಬ್ರವರಿ 28ರಂದು. ಆಗ ಹೊಳೆಯ ಈ ದಂಡೆ ನಿಜಾಮರದ್ದು, ಆ ದಂಡೆ ಮದ್ರಾಸಿನವರದ್ದು. ಈ ಕಡೆ ಹೈದರಾಬಾದಿನ ರಾಜಕುಮಾರ, ಆ ಕಡೆ ಮದ್ರಾಸ್ ಗವರ್ನರ್, ಇಬ್ಬರೂ ಒಂದೇ ದಿನ ಬೇರೆ ಬೇರೆ ಕಲ್ಲು ಇಟ್ಟರು. 1953ರಲ್ಲಿ ನೀರು ಹರಿಯಿತು. ಸುಮಾರು 90 ಹಳ್ಳಿ, 50 ಸಾವಿರಕ್ಕೂ ಹೆಚ್ಚು ಜನ ಮುಳುಗಡೆಯಾದರು. ಅವರ ಹೆಸರಿನಲ್ಲಿ ಒಂದು ಕಲ್ಲು ನೆಟ್ಟಿದ್ದರೂ ಇಂದು ಸ್ಮಾರಕದ ಮಾತು ಇಷ್ಟು ಹೊಸದಾಗಿ ಕೇಳುತ್ತಿರಲಿಲ್ಲ. ಇರಲಿ. ಆ ಡ್ಯಾಮಿಗೆ ಗೇಟು ಮಾಡಲೆಂದೇ 1947ರಲ್ಲಿ ಅಲ್ಲೇ ಒಂದು ವರ್ಕ್‌ಶಾಪ್ ತೆರೆದರು. ಅದೇ ಮುಂದೆ, 1960ರಲ್ಲಿ, ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಕಂಪನಿಯಾಯಿತು. ಜನರ ಬಾಯಲ್ಲಿ ಟಿಎಸ್‌ಪಿ. 1967ರಲ್ಲಿ ಕೇಂದ್ರ ಸರ್ಕಾರದ ಕೈಗೆ ಹೋಯಿತು. ದೇಶದ ಎಷ್ಟೋ ಡ್ಯಾಮುಗಳಿಗೆ ಗೇಟು, ಗೇಟು ಎತ್ತುವ ಯಂತ್ರ, ಕ್ರೇನು ಹೋದದ್ದು ಹೊಸಪೇಟೆಯಿಂದ. ವೆಲ್ಡರು, ಫಿಟ್ಟರು, ರಿಗ್ಗರುಗಳ ಇಡೀ ತಲೆಮಾರೇ ಅಲ್ಲಿ ತಯಾರಾಯಿತು.

ಆ ಕಾರ್ಖಾನೆ ನಷ್ಟಕ್ಕೆ ಬಿತ್ತು. 2015ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಅದನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಒಂಬತ್ತು ವರ್ಷ ತುಂಬುವ ಮೊದಲೇ ಚೈನು ಕಡಿಯಿತು. ಗೇಟು ಮಾಡಲೆಂದೇ ಹುಟ್ಟಿದ ಕಾರ್ಖಾನೆ ಡ್ಯಾಮಿನ ಪಕ್ಕದಲ್ಲೇ ಬೀಗ ಹಾಕಿಕೊಂಡು ಕೂತಿತ್ತು. ಈಗ 33 ಹೊಸ ಗೇಟಿನ ಕೆಲಸ ಸಿಕ್ಕಿರುವುದು ಗುಜರಾತಿನ ಕಂಪನಿಗೆ. ಆ ಕಂಪನಿಯ ಮೇಲೆ ನಮ್ಮದೇನೂ ತಕರಾರಿಲ್ಲ, ಟೆಂಡರ್ ಪಡೆದಿದ್ದಾರೆ, ಮಾಡುತ್ತಿದ್ದಾರೆ. ಆದರೆ ಮೊದಲ ಗೇಟು ಹುಟ್ಟಿದ ಊರಿಗೆ ಕೊನೆಗೆ ಒಂದಾದರೂ ಗೇಟು ವಾಪಸು ಬರಬೇಕು ಎನ್ನುವುದರಲ್ಲಿ ಅತಿ ಏನಿದೆ?

ಇಂಥದ್ದು ಬೇರೆ ಕಡೆ ನಡೆದಿದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕೋಟ್ಸ್‌ವಿಲ್ ಎಂಬ ಸಣ್ಣ ಉಕ್ಕಿನ ಊರಿದೆ. ನ್ಯೂಯಾರ್ಕಿನ ಅವಳಿ ಗೋಪುರದ ಬುಡಕ್ಕೆ ಹಾಕಿದ, ಮರದಂತೆ ಕವಲೊಡೆದ ಕಂಬಗಳಿಗೆ ಉಕ್ಕು ಹೋದದ್ದು ಅಲ್ಲಿನ ಲ್ಯೂಕೆನ್ಸ್ ಕಾರ್ಖಾನೆಯಿಂದ. 2001ರಲ್ಲಿ ಗೋಪುರ ಬಿದ್ದ ಮೇಲೆ ಅವಶೇಷದ ಬಹುಪಾಲು ಗುಜರಿಗೆ ಹೋಯಿತು. ಅದರಲ್ಲಿ ಒಂದಷ್ಟು ಹಡಗು ಹತ್ತಿ ನಮ್ಮ ಚೆನ್ನೈ ಬಂದರಿಗೂ ಬಂದಿತ್ತು. ಕೋಟ್ಸ್‌ವಿಲ್‌ನವರು ಮಾತ್ರ ಬಿಡಲಿಲ್ಲ. ಉಳಿದಿದ್ದ ಕವಲುಗಂಬಗಳನ್ನು 2010ರಲ್ಲಿ ಲಾರಿಗಳ ಮೇಲೆ ತಮ್ಮ ಊರಿಗೆ ತಂದುಕೊಂಡರು. ಊರಿನ ಉಕ್ಕು ಊರಿಗೆ ಬಂತು ಎಂದು ಜನ ರಸ್ತೆ ಬದಿ ನಿಂತು ನೋಡಿದರು.

ನಮ್ಮ ದೇಶದಲ್ಲಿ ಎರಡೂ ಥರದ್ದು ನಡೆದಿದೆ. 1971ರ ಯುದ್ಧದಲ್ಲಿ ದುಡಿದ ವಿಕ್ರಾಂತ್ ಹಡಗನ್ನು ಮ್ಯೂಸಿಯಂ ಮಾಡಬೇಕೆಂದು ಎಷ್ಟು ಕೂಗಿದರೂ ಆಗದೆ 2014ರಲ್ಲಿ ಗುಜರಿಗೆ ಹೋಯಿತು. ಅದರ ಲೋಹ ಕರಗಿಸಿ ಬಜಾಜ್‌ನವರು 2016ರಲ್ಲಿ 'ವಿ' ಬೈಕು ಬಿಟ್ಟರು. ಮಾನ್ವಿ ಸಿಂಧನೂರು ರಸ್ತೆಯಲ್ಲಿ ಆ ಬೈಕು ಇವತ್ತಿಗೂ ಅಲ್ಲೊಂದು ಇಲ್ಲೊಂದು ಕಾಣುತ್ತವೆ. ಬೈಕು ಒಳ್ಳೇದೇ, ಆದರೆ ಅದರ ಟ್ಯಾಂಕು ನೋಡಿದರೆ ಹಡಗು ಎಷ್ಟು ದೊಡ್ಡದಿತ್ತು ಎಂದು ಯಾವ ಮಗುವಿಗೂ ತಿಳಿಯುವುದಿಲ್ಲ. ಕಾರವಾರದ ಕಡಲದಂಡೆಗೆ ಹೋದವರು ಚಾಪಲ್ ಎಂಬ ಯುದ್ಧನೌಕೆ ಇಡಿಯಾಗಿ ನಿಂತಿರುವುದನ್ನು ನೋಡಿರುತ್ತೀರಿ. ಒಳಗೆ ಹತ್ತಿ ಓಡಾಡಬಹುದು. ವ್ಯತ್ಯಾಸ ಅಷ್ಟೇ. ಹಾಗಾಗಿ ಗೇಟನ್ನು ಕರಗಿಸಿ ಅದರಲ್ಲಿ ಯಾರದೋ ಪ್ರತಿಮೆ ಮಾಡುತ್ತೇವೆ, ಕಮಾನು ಮಾಡುತ್ತೇವೆ ಎಂದು ಯಾರಾದರೂ ಹೊರಟರೆ ನಾವು ಅದನ್ನು ಒಪ್ಪುವುದಿಲ್ಲ. ಬಣ್ಣವೂ ಬೇಡ. ತುಕ್ಕಿನ ಮೇಲೆ ಅಲ್ಯುಮಿನಿಯಂ ಪೇಂಟು ಬಳಿದು ಥಳಥಳ ಮಾಡಿ ನಿಲ್ಲಿಸಿದರೆ ಅದು ಗೇಟು ನೆನಪಿಸುವುದಿಲ್ಲ, ಗುತ್ತಿಗೆದಾರನನ್ನು ನೆನಪಿಸುತ್ತದೆ. ತುಕ್ಕು ಇನ್ನೂ ಹೆಚ್ಚಾಗದಂತೆ ತಡೆಯಲು ಬಣ್ಣವಿಲ್ಲದ ಲೇಪನಗಳಿವೆ, ಮೇಲೊಂದು ತಗಡಿನ ಚಪ್ಪರ ಸಾಕು.

ಮುನಿರಾಬಾದಿನ ಗೇಟಿಗೆ ಪಂಪಾವನದ ಆಸುಪಾಸು ಒಳ್ಳೆ ಜಾಗ. ಶಾಲೆ ಟ್ರಿಪ್ಪುಗಳು ಹೇಗೂ ಅಲ್ಲಿಗೆ ಹೋಗುತ್ತವೆ. ಹಂಪಿ ನೋಡಿ ಡ್ಯಾಮಿಗೆ ಬರುವ ಬಸ್ಸುಗಳೂ ಅಲ್ಲಿ ನಿಲ್ಲುತ್ತವೆ. ಹೊಸಪೇಟೆಯದ್ದು ಟಿಎಸ್‌ಪಿ ಇದ್ದ ಜಾಗದ ಹತ್ತಿರವೇ ಇರಲಿ, ಅಲ್ಲಿ ದುಡಿದವರು ಇನ್ನೂ ಆ ಊರಲ್ಲಿದ್ದಾರೆ.

ಫಲಕದ ಬಗ್ಗೆ ಒಂದು ಮಾತು, ಯಾಕೆಂದರೆ ನಮ್ಮಲ್ಲಿ ಕಲ್ಲು ಕೆಡುವುದು ಅಲ್ಲೇ. ಉದ್ಘಾಟಕರು, ಅಧ್ಯಕ್ಷತೆ, ಘನ ಉಪಸ್ಥಿತಿ, ಮುಖ್ಯ ಅತಿಥಿ ಎಂದು ಹೆಸರು ಕೆತ್ತಿ ಕೆತ್ತಿ ಯಾವ ಕಾರಣಕ್ಕೆ ಕಲ್ಲು ನೆಟ್ಟರು ಎಂದು ಬರೆಯಲು ಜಾಗವೇ ಉಳಿದಿರುವುದಿಲ್ಲ. ಈ ಫಲಕದಲ್ಲಿ ಮೊದಲು ಬರಬೇಕಾದದ್ದು ಗೇಟಿನ ನಂಬರು, ಕೂರಿಸಿದ ವರ್ಷ, ತೆಗೆದ ದಿನ. ಹೊಸದಿದ್ದಾಗ ತಗಡು ಎಷ್ಟು ದಪ್ಪವಿತ್ತು, ತೆಗೆದಾಗ ಎಷ್ಟು ಉಳಿದಿತ್ತು. ಚೈನು ಕೊನೆಯ ಸಲ ಬದಲಿಸಿದ್ದು ಯಾವಾಗ. 2024ರ ಆಗಸ್ಟ್‌ನಲ್ಲಿ ಹರಿಯುವ ನೀರಿನ ಮೇಲೆ ನೇತಾಡಿ ಸ್ಟಾಪ್‌ಲಾಗ್ ಕೂರಿಸಿದ ಕಾರ್ಮಿಕರ ಹೆಸರು, ಒಬ್ಬರನ್ನೂ ಬಿಡದೆ. ಆಮೇಲೆ ಒಂದು ಸಾಲು: ಈ ಗೇಟು ಬದಲಿಸಲು 2025–26ರಲ್ಲಿ ಎರಡನೇ ಬೆಳೆಗೆ ನೀರು ಬಿಡಲಿಲ್ಲ, ಇಷ್ಟು ಎಕರೆ ಬೀಳು ಬಿತ್ತು. ಅಂಕಿ ಇಲಾಖೆಯ ಹತ್ತಿರವಿದೆ, ಬರೆಯಲಿ. ಪಕ್ಕದಲ್ಲೇ ಇನ್ನೊಂದು ಬೋರ್ಡು ಬೇಕು, ಅದು ಕಲ್ಲಿನದ್ದಲ್ಲ, ಸುಣ್ಣದಕಡ್ಡಿಯಲ್ಲಿ ಬರೆದು ಅಳಿಸುವಂಥದ್ದು. ಹೊಸ ಗೇಟುಗಳನ್ನು, ಚೈನುಗಳನ್ನು ಈ ವರ್ಷ ಯಾವ ತಾರೀಖಿಗೆ ಪರೀಕ್ಷೆ ಮಾಡಲಾಯಿತು ಎಂದು ಪ್ರತಿ ಬೇಸಿಗೆ ಅದರಲ್ಲಿ ಬರೆಯಬೇಕು. ಬೋರ್ಡು ಖಾಲಿ ಇದ್ದರೆ ಅದೂ ಒಂದು ಸುದ್ದಿಯೇ, ಫೋಟೊ ತೆಗೆದು ಹಾಕಲು ನಾವಿದ್ದೇವೆ.

ದುಡ್ಡಿನ ಲೆಕ್ಕವನ್ನೂ ಮುಚ್ಚಿಡುವುದು ಬೇಡ. ಗುಜರಿಯಲ್ಲಿ ಕೆಜಿಗೆ 30 ರೂಪಾಯಿ ಹಿಡಿದರೆ ಟನ್ನಿಗೆ 30 ಸಾವಿರ. ಒಂದು ಗೇಟು 50 ಟನ್ ತೂಗುತ್ತದೆ ಎಂದೇ ಇಟ್ಟುಕೊಂಡರೂ 15 ಲಕ್ಷ ರೂಪಾಯಿ. ಎರಡಕ್ಕೆ 30 ಲಕ್ಷ. ತೆಗೆದಿಡುವ, ಸಾಗಿಸುವ ಖರ್ಚು ಬೇರೆ. ಒಂದು ವಿತರಣಾ ನಾಲೆಯ ಹೂಳು ತೆಗೆಯುವ ಬಿಲ್ಲಿಗೆ ಹೋಲಿಸಿದರೆ ಇದು ದೊಡ್ಡ ಮೊತ್ತವಲ್ಲ, ಆ ಬಿಲ್ಲು ಎಷ್ಟು ನಿಜ ಎಂಬುದು ಬೇರೆ ಮಾತು. ಆದರೆ ಒಂದು ವಿಷಯ ಸ್ಪಷ್ಟವಾಗಿರಲಿ. ಬೆಳೆ ಕಳಕೊಂಡವರ ಪರಿಹಾರದ ಹಣದಿಂದ ಒಂದು ರೂಪಾಯಿಯೂ ಇದಕ್ಕೆ ಹೋಗಬಾರದು. ಪರಿಹಾರ ಮೊದಲು, ಗೇಟು ಆಮೇಲೆ. ಉಳಿದ 30 ಗೇಟಿನ ಗುಜರಿ ಹಣದಲ್ಲೇ ಈ ಎರಡರ ಖರ್ಚು ಮುಗಿಯುತ್ತದೆ, ಸರ್ಕಾರದ ಮುಂದೆ ಕೈಚಾಚುವ ಅಗತ್ಯವೇ ಇಲ್ಲ.

ಹೊತ್ತು ಮಾತ್ರ ಕಡಿಮೆ ಇದೆ. ಗ್ಯಾಸ್ ಕಟರ್ ತಾಗಿದ ಗೇಟು ಮತ್ತೆ ಕೂಡುವುದಿಲ್ಲ. ಡ್ಯಾಮಿನ ಗೇಟುಗಳ ಯಜಮಾನಿಕೆ ತುಂಗಭದ್ರಾ ಮಂಡಳಿಯದ್ದು, ಅದರಲ್ಲಿ ಕರ್ನಾಟಕದ ಜೊತೆ ಆಂಧ್ರ, ತೆಲಂಗಾಣ, ಕೇಂದ್ರ ಎಲ್ಲರೂ ಇದ್ದಾರೆ. ಅಂದರೆ ನಮ್ಮ ಶಾಸಕರು ಫೋನ್ ಮಾಡಿದರೆ ಮುಗಿಯುವ ಕೆಲಸವಲ್ಲ, ಕಾಗದದಲ್ಲೇ ಕೇಳಬೇಕು. ಗ್ರಾಮಸಭೆಯಲ್ಲಿ ಠರಾವು ಮಾಡಿ ಅದರ ಪ್ರತಿಯನ್ನು ಹೊಸಪೇಟೆಯಲ್ಲಿರುವ ಮಂಡಳಿಗೆ, ಇನ್ನೊಂದನ್ನು ಮುನಿರಾಬಾದಿನ ನೀರಾವರಿ ಕಚೇರಿಗೆ, ಮತ್ತೊಂದನ್ನು ಜಿಲ್ಲಾಧಿಕಾರಿಗೆ ಕಳಿಸಬಹುದು. ನೀರು ಬಳಕೆದಾರರ ಸಂಘಗಳ ಸೀಲು ಬಿದ್ದರೆ ಇನ್ನೂ ತೂಕ.

ಠರಾವಿನ ನಮೂನೆ ಒಂದು ಪುಟದ್ದು, ನಾವು ಬರೆದಿಟ್ಟಿದ್ದೇವೆ. ಪೋತ್ನಾಳದ ಮುಂದಿನ ಗ್ರಾಮಸಭೆಗೆ ಕೊಡುತ್ತೇವೆ. ಮಾನ್ವಿ, ಸಿರವಾರ, ಸಿಂಧನೂರು ಕಡೆಯ ಯಾವ ಊರಿನವರು ಕೇಳಿದರೂ ವಾಟ್ಸಾಪಿನಲ್ಲಿ ಕಳಿಸುತ್ತೇವೆ, ಊರಿನ ಹೆಸರು ತುಂಬಿ ಸಹಿ ಹಾಕಿಸಿದರೆ ಸಾಕು.